ಓದುಗರ ಪ್ರಶ್ನೆ: ಹಳೆಯ ಕಚ್ಚಾತೈಲ ಕೊಳವೆಯ ಒಳತುಕ್ಕು

ಪ್ರಶ್ನೆ: ಮೂವತ್ತು ವರ್ಷ ದಾಟಿದ ಕೊಳವೆಮಾರ್ಗ. ಕಚ್ಚಾತೈಲದಲ್ಲಿ ನೀರು ಶೇ. 0.5ಕ್ಕಿಂತ ಕಡಿಮೆ. ಆದರೂ ಕೊಳವೆಯ ತಳದಲ್ಲೇ ಕುಳಿ ಬೀಳುತ್ತಿರುವುದೇಕೆ?

ಉತ್ತರ: ನೀರು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿ ನಿಲ್ಲುತ್ತದೆ ಎನ್ನುವುದನ್ನು ನೋಡಿ. ಹರಿವು ಜೋರಾಗಿದ್ದಾಗ ನೀರು ಹನಿಹನಿಯಾಗಿ ತೈಲದೊಳಗೇ ಸಾಗುತ್ತದೆ, ಉಕ್ಕಿಗೆ ತೈಲವೇ ತಾಗಿರುತ್ತದೆ. ಬಾವಿಗಳ ಉತ್ಪಾದನೆ ಇಳಿದರೆ ವೇಗವೂ ಇಳಿದು ನೀರು ತಳ ಸೇರುತ್ತದೆ. ಜೊತೆಗೆ ಮರಳು, ಮೇಣ, ಕೆಸರು. ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್ ಉಕ್ಕನ್ನು ತಿನ್ನುತ್ತವೆ. ಕೆಸರಿನ ಅಡಿಯಲ್ಲಿ ಸಲ್ಫೈಡ್ ಹುಟ್ಟಿಸುವ ಬ್ಯಾಕ್ಟೀರಿಯಾ ಬೆಳೆಯುತ್ತವೆ. ತುಕ್ಕುನಿರೋಧಕ ರಾಸಾಯನಿಕ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. 2006ರ ಮಾರ್ಚ್‌ನಲ್ಲಿ ಅಲಾಸ್ಕಾದ ಪ್ರೂಡೋ ಬೇಯಲ್ಲಿ 34 ಇಂಚಿನ ಕೊಳವೆ ತೂತಾಗಿ 2 ಲಕ್ಷ ಗ್ಯಾಲನ್‌ಗೂ ಹೆಚ್ಚು ತೈಲ ಚೆಲ್ಲಿತು. ಅಲ್ಲಿಯೂ ಹರಿವು ನಿಧಾನವಾಗಿತ್ತು, ತಳದಲ್ಲಿ ಕೆಸರು ಕೂತಿತ್ತು, ವರ್ಷಗಟ್ಟಲೆ ಪಿಗ್ (ಕೊಳವೆಯೊಳಗೆ ಸಾಗುತ್ತ ಅದನ್ನು ಸ್ವಚ್ಛಗೊಳಿಸುವ ಇಲ್ಲವೇ ತಪಾಸಿಸುವ ಸಾಧನ) ಓಡಿಸಿರಲಿಲ್ಲ.

ಪ್ರಶ್ನೆ: ತಪಾಸಣಾ ಪಿಗ್‌ನ ವರದಿಯಲ್ಲಿ ಗೋಡೆಯ ದಪ್ಪದ 40% ಆಳದ, 100 ಮಿ.ಮೀ. ಉದ್ದದ ಕುಳಿ ಇದೆ. ಕೊಳವೆಯ ವ್ಯಾಸ 508 ಮಿ.ಮೀ., ಗೋಡೆ 8 ಮಿ.ಮೀ., ಉಕ್ಕಿನ ದರ್ಜೆ ಎಕ್ಸ್52, ಒತ್ತಡ 70 ಬಾರ್. ಮುಂದುವರಿಸಬಹುದೇ?

ಉತ್ತರ: ತುಕ್ಕು ತಿಂದ ಕೊಳವೆಯ ಉಳಿದ ಬಲವನ್ನು ಲೆಕ್ಕಹಾಕುವ ಮಾನದಂಡವಾದ ಎಎಸ್‌ಎಂಇ ಬಿ31ಜಿಯ ಮೂಲ ಸೂತ್ರಕ್ಕೆ ಈ ಅಂಕಿಗಳನ್ನು ಹಾಕಿದರೆ ಕೊಳವೆ ಒಡೆಯುವ ಒತ್ತಡ ಸುಮಾರು 108 ಬಾರ್ ಬರುತ್ತದೆ. ಅದನ್ನು ಸುರಕ್ಷತಾ ಗುಣಾಂಕ 1.39ರಿಂದ ಭಾಗಿಸಿದರೆ 77 ಬಾರ್. ಇವತ್ತಿನ ಮಟ್ಟಿಗೆ ಪಾಸು. ಬಹಳಷ್ಟು ವರದಿಗಳು ಇಲ್ಲಿಗೇ ಮುಗಿಯುತ್ತವೆ, ಅದು ಸಾಲದು.

ಗೋಡೆಯಿಂದ ಸೋರುವ ಕಾಂತಕ್ಷೇತ್ರವನ್ನು ಗ್ರಹಿಸುವ (ಎಂಎಫ್ಎಲ್) ಪಿಗ್ ಆಳವನ್ನು ನೇರವಾಗಿ ಅಳೆಯುವುದಿಲ್ಲ, ಸಂಕೇತದಿಂದ ಊಹಿಸುತ್ತದೆ. ಅದರ ಸಾಮಾನ್ಯ ನಿಖರತೆ ಗೋಡೆಯ ದಪ್ಪದ ±10%, ಅದೂ 80% ವಿಶ್ವಾಸಮಟ್ಟದಲ್ಲಿ. ಹಾಗಾಗಿ ಆಳವನ್ನು 50% ಎಂದೇ ಹಿಡಿಯಿರಿ: ಸುರಕ್ಷಿತ ಒತ್ತಡ 74 ಬಾರ್‌ಗೆ ಇಳಿಯುತ್ತದೆ. ತುಕ್ಕು ವರ್ಷಕ್ಕೆ 0.25 ಮಿ.ಮೀ. ಆಳಕ್ಕಿಳಿಯುತ್ತಿದ್ದರೆ 5 ವರ್ಷದಲ್ಲಿ ಅದು ಸುಮಾರು 67 ಬಾರ್, ಅಂದರೆ ನಿಮ್ಮ ಒತ್ತಡಕ್ಕಿಂತ ಕೆಳಗೆ. ಮಿತಿ ದಾಟುವ ವರ್ಷವನ್ನು ಲೆಕ್ಕಹಾಕಿ, ಉಳಿದ ಅವಧಿಯ ಅರ್ಧದೊಳಗೆ ಮರುತಪಾಸಣೆ ಇಟ್ಟುಕೊಳ್ಳಿ. ಆಳ 80% ದಾಟಿದ್ದರೆ ಲೆಕ್ಕಕ್ಕೆ ಕೂರಬೇಡಿ: ಒತ್ತಡ ಇಳಿಸಿ, ದುರಸ್ತಿ ಮಾಡಿ.

ಪಕ್ಕದ ಕುಳಿಗಳನ್ನೂ ನೋಡಿ. ಎರಡು ಕುಳಿಗಳ ನಡುವಿನ ಅಂತರ ಗೋಡೆಯ ದಪ್ಪದ ಮೂರುಪಟ್ಟಿಗಿಂತ (ನಿಮ್ಮಲ್ಲಿ 24 ಮಿ.ಮೀ.) ಕಡಿಮೆಯಿದ್ದರೆ ಎರಡನ್ನೂ ಸೇರಿಸಿ ಒಂದೇ ಕುಳಿ ಎಂದು ಅಳೆಯಬೇಕು. ಒಳತುಕ್ಕು ತಳದುದ್ದಕ್ಕೂ ಸಾಲಾಗಿ ಹಬ್ಬುವುದರಿಂದ ವರದಿಯ 100 ಮಿ.ಮೀ. ನಿಜದಲ್ಲಿ 300 ಆಗಿರಬಹುದು, ಆಗ ಮೇಲಿನ ಲೆಕ್ಕವೆಲ್ಲ ಬದಲಾಗುತ್ತದೆ. ಆಯ್ದ ಕೆಲವು ಕಡೆ ಅಗೆದು, ಹೊರಗಿನಿಂದ ಅಲ್ಟ್ರಾಸಾನಿಕ್ ಮಾಪಕದಲ್ಲಿ ಅಳೆದು ವರದಿಯೊಂದಿಗೆ ತಾಳೆ ನೋಡಿ. ಅಲ್ಟ್ರಾಸಾನಿಕ್ ಪಿಗ್ ದಪ್ಪವನ್ನೇ ನೇರವಾಗಿ ಅಳೆಯುತ್ತದೆ, ಧ್ವನಿ ಸಾಗಿಸಲು ಕಚ್ಚಾತೈಲವೇ ಸಾಕು. ಆದರೆ ಗೋಡೆಗೆ ಮೇಣ ಅಂಟಿದ್ದರೆ ಪ್ರತಿಧ್ವನಿ ಮರಳುವುದಿಲ್ಲ. ಮೊದಲು ಸ್ವಚ್ಛತಾ ಪಿಗ್‌ಗಳನ್ನು, ಬರುವ ಕೆಸರು ಕಡಿಮೆಯಾಗುವವರೆಗೂ ಓಡಿಸಬೇಕು.

ಪ್ರಶ್ನೆ: ನಮ್ಮ ಕೊಳವೆಯಲ್ಲಿ ಪಿಗ್ ಓಡುವುದೇ ಇಲ್ಲ, ಕಡಿದಾದ ತಿರುವುಗಳು, ಪಿಗ್ ಹಾಕುವ ಲಾಂಚರ್ ಇಲ್ಲ. ನೀರಿನ ಒತ್ತಡ ಪರೀಕ್ಷೆ ಸಾಕೇ?

ಉತ್ತರ: ಸಾಲದು. ಆ ಪರೀಕ್ಷೆ ಅಂದಿನ ಬಲವನ್ನಷ್ಟೇ ತೋರಿಸುತ್ತದೆ, ಉಳಿದ ಕುಳಿ ಎಷ್ಟು ಆಳವಿದೆ ಎಂದು ಹೇಳುವುದಿಲ್ಲ. ಪರೀಕ್ಷೆಯ ನೀರು ಪೂರ್ತಿ ಬಸಿಯದಿದ್ದರೆ ಅದೇ ಹೊಸ ತುಕ್ಕಿಗೆ ದಾರಿ. ನೇರ ಮೌಲ್ಯಮಾಪನ ಮಾಡಿ. ದ್ರವ ಪೆಟ್ರೋಲಿಯಂ ಕೊಳವೆಗಳಿಗೆ ನೇಸ್ ಎಸ್‌ಪಿ0208 ಎಂಬ ಮಾನದಂಡ ಇದನ್ನು ವಿವರಿಸುತ್ತದೆ. ಹಳೆಯ ಹರಿವಿನ ದಾಖಲೆ ಕಲೆಹಾಕಿ, ಕೊಳವೆಯ ಏರಿಳಿತ ಅಳೆದು, ನೀರು ಹತ್ತಲಾಗದಷ್ಟು ಕಡಿದಾದ ಏರು ಎಲ್ಲೆಲ್ಲಿ ಆರಂಭವಾಗುತ್ತದೆಂದು ಲೆಕ್ಕಹಾಕಿ ಅಲ್ಲಿ ಅಗೆಯಿರಿ. ಕೊಳವೆಯ ಅಡ್ಡಕೊಯ್ತವನ್ನು ಗಡಿಯಾರವೆಂದುಕೊಂಡರೆ 5ರಿಂದ 7ರವರೆಗಿನ ತಳಭಾಗದಲ್ಲಿ ಚೌಕಳಿ ಹಾಕಿ ದಪ್ಪ ಅಳೆಯಿರಿ. ಒಂದೆರಡು ಬಿಡಿ ಬಿಂದುಗಳ ಅಳತೆಯಲ್ಲಿ ಕುಳಿ ತಪ್ಪಿಹೋಗುತ್ತದೆ. ಹರಿವಿಲ್ಲದ ಕವಲುಗಳನ್ನೂ ಬಿಡಬೇಡಿ.

ಪ್ರಶ್ನೆ: ತುಕ್ಕು ಅಳೆಯುವ ಕೂಪನ್ (ಕೊಳವೆಯೊಳಗೆ ಇಟ್ಟು ತೂಕನಷ್ಟ ನೋಡುವ ಲೋಹದ ತುಂಡು) ವರ್ಷಕ್ಕೆ 0.02 ಮಿ.ಮೀ. ತೋರಿಸುತ್ತಿದೆ. ನಿಶ್ಚಿಂತೆಯೇ?

ಉತ್ತರ: ಕೂಪನ್ ಕೊಳವೆಯ ಮೇಲ್ಭಾಗದಲ್ಲೋ ನಡುವೆಯೋ ಇದ್ದರೆ ಅದಕ್ಕೆ ತೈಲವೇ ತಾಗುತ್ತದೆ, ಅಂಕಿ ಚಿಕ್ಕದೇ ಬರುತ್ತದೆ. ಅದನ್ನು ತಳದ ಗೋಡೆಗೆ ಸಮನಾಗಿ ಕೂರಿಸಿ. ತೂಕನಷ್ಟದ ಜೊತೆಗೆ ಕುಳಿಯ ಆಳವನ್ನೂ ಅಳೆಸಿ.