ವೀಲ್ ವೆಲ್ ಹರಿದಿದ್ದರೆ ಫೋಮ್ ತುಂಬಬೇಡಿ, ಮೊದಲು ಬಿಚ್ಚಿ ನೋಡಿ

ಟೈರ್ ಸಿಡಿದು, ವಾಹನದ ಹಿಂದೆ ಎಳೆದೊಯ್ಯುವ ಮನೆಯಂಥ ಟ್ರೇಲರಿನ ವೀಲ್ ವೆಲ್ (ಚಕ್ರದ ಮೇಲಿನ ಗೂಡು) ಹರಿಯಿತು, ತೂತಿಗೆ ಊದಿಕೊಂಡು ಗಟ್ಟಿಯಾಗುವ ಸ್ಪ್ರೇ ಫೋಮ್ ತುಂಬಿ ಮೇಲೆ ರಬ್ಬರ್ ಅಂಡರ್‌ಕೋಟಿಂಗ್ ಹೊಡೆದಿದ್ದೇನೆ, ಇನ್ನು ಚಿಂತೆಯಿಲ್ಲ ಎಂದು ಈ ವೇದಿಕೆಯಲ್ಲಿ ಚಿತ್ರ ಸಮೇತ ಬರೆದಿದ್ದೀರಿ. ದಯವಿಟ್ಟು ಈ ವಾರವೇ ಆ ಫೋಮನ್ನು ಕಿತ್ತು ತೆಗೆಯಿರಿ. ಇದೇ ಕೆಲಸ ಮಾಡಿ ಒಂದೇ ಚಳಿಗಾಲದಲ್ಲಿ ಅಡುಗೆಮನೆಯ ನೆಲ ಕಳೆದುಕೊಂಡವನು ನಾನು.

ನಮ್ಮದು ಎರಡು ಆಕ್ಸಲ್‌ನ, ಅಂದರೆ ಪ್ರತಿ ಬದಿಗೆ ಎರಡು ಚಕ್ರದ ಟ್ರೇಲರ್. ಅಮೆರಿಕದ ಮಿನ್ನೆಸೋಟದಿಂದ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಕಡೆಗೆ ಹೊರಟಿದ್ದಾಗ, ಸೌತ್ ಡಕೋಟದ ಐ-90 ಹೆದ್ದಾರಿಯಲ್ಲಿ ಬಲಬದಿಯ ಹಿಂದಿನ ಟೈರ್ ಹೋಯಿತು. ಟ್ರೆಡ್ (ಟೈರಿನ ನೆಲ ತಾಗುವ ಪದರ) ಬಿಚ್ಚಿಕೊಂಡು ಪ್ರತಿ ಸುತ್ತಿಗೂ ಚಾಟಿಯಂತೆ ಬಾರಿಸಿತ್ತು. ತೆಳು ಪ್ಲಾಸ್ಟಿಕ್ಕಿನ ಗೂಡು ಹಪ್ಪಳದಂತೆ ಪುಡಿಯಾಗಿತ್ತು. ಒಳಗೆ ಹೋಗಿ ಗೂಡಿನ ಮೇಲಿರುವ ಕಪಾಟಿನ ಬಾಗಿಲು ತೆರೆದರೆ ತಳದಿಂದ ಬೆಳಕು ಬರುತ್ತಿತ್ತು. ರಾಗಿ ಹಿಟ್ಟಿನ ಡಬ್ಬ ಮಗುಚಿ, ಹಿಟ್ಟಿನ ತುಂಬ ರಬ್ಬರ್ ಚೂರು, ಜಲ್ಲಿಪುಡಿ. ಪ್ರವಾಸ ಕೆಡಬಾರದೆಂದು ಎರಡು ಡಬ್ಬಿ ಫೋಮ್ ತಂದು ತುಂಬಿದೆ. ಮನೆಗೆ ಬಂದ ಮೇಲೆ ಅಂಡರ್‌ಕೋಟಿಂಗ್ ಹೊಡೆದೆ. ಹೊರಗಿನಿಂದ ನೋಡಲು ಚೆನ್ನಾಗಿಯೇ ಇತ್ತು, ನಿಮ್ಮ ಚಿತ್ರದಲ್ಲಿರುವ ಹಾಗೆಯೇ.

ಮರುವರ್ಷ ಏಪ್ರಿಲ್‌ನಲ್ಲಿ ಒಲೆಯ ಮುಂದೆ ನಿಂತಾಗ ಕಾಲ ಕೆಳಗೆ ನೆಲ ಕುಸಿಯಿತು. ವಿನೈಲ್ ಹಾಸು ಎತ್ತಿದರೆ ಪ್ಲೈವುಡ್ ಕಪ್ಪಾಗಿ, ನೆನೆದ ಅವಲಕ್ಕಿಯ ಹಾಗೆ ಬೆರಳಿಗೇ ಕಿತ್ತು ಬರುತ್ತಿತ್ತು. ಫೋಮ್ ಇಡೀ ಗಟ್ಟಿಯಾಗಿ ಕಳಚಿಕೊಂಡಿತು, ಅದರ ಬೆನ್ನಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ಮೂಲೆಯಲ್ಲಿ ಇಲಿ ಫೋಮನ್ನು ಕೊರೆದು, ಗುಲಾಬಿ ಬಣ್ಣದ ಫೈಬರ್‌ಗ್ಲಾಸ್ ಎಳೆತಂದು ಗೂಡು ಕಟ್ಟಿತ್ತು. ಚಕ್ರ ಎರಚುವ ನೀರು ಅಂಚಿನ ಸಣ್ಣ ಬಿರುಕಿನಿಂದ ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿಯೇ ಇರುವುದಿಲ್ಲ. ಮೇಲಿನ ರಬ್ಬರ್ ಲೇಪ ಆ ತೇವಕ್ಕೆ ಮುಚ್ಚಳ ಹಾಕಿದಂತೆ. ನಮ್ಮ ಕಡೆ ಹಿಮ ಕರಗಲೆಂದು ರಸ್ತೆಗೆ ಹಾಕುವ ಉಪ್ಪೂ ಸೇರಿದರೆ ಮರ ಕೊಳೆಯುವುದರ ಜೊತೆಗೆ ಉಕ್ಕಿನ ಫ್ರೇಮಿಗೂ ತುಕ್ಕು ಹಿಡಿಯುತ್ತದೆ.

ಎರಡನೆಯ ಸಲ ಹೀಗೆ ಮಾಡಿದೆ. ಚಕ್ರ ತೆಗೆದು, ಗ್ಯಾಸ್ ಸಿಲಿಂಡರ್ ಮುಚ್ಚಿ, ಬ್ಯಾಟರಿ ಕಳಚಿದೆ. ಟ್ರೆಡ್ ಬೀಸಿದ ಜಾಗದಲ್ಲಿ ಬ್ರೇಕ್ ವೈರ್, ನೀರಿನ ಪೈಪ್, ಗ್ಯಾಸ್ ಪೈಪ್ ಯಾವುದಕ್ಕಾದರೂ ಪೆಟ್ಟು ಬಿದ್ದಿರಬಹುದು. ಕೈಗರಗಸ ಆಡಿಸುವ ಮೊದಲು ಅವು ಎಲ್ಲಿವೆ ಎಂದು ಕಣ್ಣಾರೆ ನೋಡಿಕೊಳ್ಳಿ. ಸ್ಕ್ರೂಡ್ರೈವರ್‌ನಿಂದ ಚುಚ್ಚುತ್ತಾ, ತುದಿ ಇಳಿಯದಷ್ಟು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ. ಅರ್ಧ ಇಂಚು ಉಳಿಸೋಣ ಎಂಬ ಆಸೆ ಬೇಡ. ಆಮೇಲೆ ಫ್ಯಾನ್, ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಇಟ್ಟು ಒಣಗಿಸಿ. ನನಗೆ ಒಂಬತ್ತು ದಿನ ಹಿಡಿಯಿತು. ತೇವ ಅಳೆಯುವ ಮೀಟರ್ ಶೇ. 15ಕ್ಕಿಂತ ಕೆಳಗೆ ತೋರಿಸುವವರೆಗೆ ಯಾವ ಅಂಟನ್ನೂ ಮುಟ್ಟಬೇಡಿ.

ಹೊಸ ಗೂಡಿಗೆ ಮತ್ತೆ ಪ್ಲಾಸ್ಟಿಕ್ ಹಾಕಬೇಡಿ. ರಟ್ಟಿನಲ್ಲಿ ಅಚ್ಚು ಕತ್ತರಿಸಿ ಕೊಟ್ಟರೆ ಶೀಟ್ ಮೆಟಲ್ ಅಂಗಡಿಯವರು 16 ಗೇಜ್ ದಪ್ಪದ ಗ್ಯಾಲ್ವನೈಸ್ಡ್ (ಸತು ಲೇಪಿಸಿದ) ತಗಡನ್ನು ಬಗ್ಗಿಸಿ ಕೊಡುತ್ತಾರೆ. ಅಲ್ಯೂಮಿನಿಯಂ ಹಗುರ, ನಿಜ. ಆದರೆ ಅದನ್ನು ಉಕ್ಕಿನ ಫ್ರೇಮಿಗೆ ನೇರವಾಗಿ ತಾಗಿಸಿದರೆ ಉಪ್ಪುನೀರಿನಲ್ಲಿ ಸವೆಯುತ್ತದೆ. ತಾಮ್ರದ ರಾಸಾಯನಿಕ ಕುಡಿಸಿದ ಟ್ರೀಟೆಡ್ ಪ್ಲೈವುಡ್‌ಗೆ ತಾಗಿದರೂ ಅದೇ ಗತಿ. ನಾನು ಎಕ್ಸ್‌ಟೀರಿಯರ್ ಪ್ಲೈವುಡ್ ಹಾಕಿ, ಅಂಚುಗಳಿಗೆ ಎರಡು ಸಲ ಎಪಾಕ್ಸಿ ಬಳಿದೆ. ಸ್ಕ್ರೂವಿನ ಮೊನೆ ಟೈರಿನ ಕಡೆಗೆ ಚಾಚದಂತೆ ನೋಡಿಕೊಳ್ಳಿ. ತಗಡಿನ ಅಂಚಿನ ಕೆಳಗೆ ಬ್ಯುಟೈಲ್ ಟೇಪ್ (ಅಂಟು ರಬ್ಬರಿನ ಪಟ್ಟಿ), ಸಂದಿಗೆ ಸಿಕಾಫ್ಲೆಕ್ಸ್ 221 ಎಂಬ ಸೀಲೆಂಟ್ (ಸಂದಿ ಮುಚ್ಚುವ ಅಂಟು). ಡೈಕಾರ್ ಕಂಪನಿಯದೂ ಒಳ್ಳೆಯ ಮಾಲೇ, ಆದರೆ ಅದರ ಸೆಲ್ಫ್ ಲೆವೆಲಿಂಗ್ (ತಾನಾಗಿ ಹರಡಿಕೊಳ್ಳುವ) ಸೀಲೆಂಟ್ ಸಮತಟ್ಟಾದ ಮಾಡಿಗೆ ಮಾಡಿದ್ದು. ನಿಂತ ಗೋಡೆಗೆ ಹಾಕಿದರೆ ಜಾರಿ ಇಳಿಯುತ್ತದೆ. ಸಿಲಿಕೋನ್ ಅಂತೂ ಬೇಡವೇ ಬೇಡ, ಅದರ ಮೇಲೆ ಮುಂದೆ ಯಾವುದೂ ಅಂಟುವುದಿಲ್ಲ. ಎಲ್ಲ ಮುಗಿದು ಒಣಗಿದ ಮೇಲೆ ಟ್ರಕ್ಕಿನ ತೊಟ್ಟಿಗೆ ಬಳಿಯುವ ಗಟ್ಟಿ ಲೇಪ ರಾಪ್ಟರ್ ಬೆಡ್ ಲೈನರ್ ಎರಡು ಕೋಟ್. ನಾಲ್ಕು ಚಳಿಗಾಲ ಕಳೆದಿದೆ, ಒಂದು ಕಡೆಯೂ ಎದ್ದಿಲ್ಲ.

ಇಷ್ಟೆಲ್ಲ ಮಾಡಿಯೂ ಟೈರ್ ಯಾಕೆ ಸಿಡಿಯಿತು ಎಂದು ಕೇಳಿಕೊಳ್ಳದಿದ್ದರೆ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆ ತೊಳೆದ ಹಾಗೆ. ಟೈರ್ ಸಿಡಿಯದ ಬದಿಯ ಗೂಡಿನೊಳಗೆ ಟಾರ್ಚ್ ಬಿಟ್ಟು ನೋಡಿ: ಟೈರಿನ ನೇರಕ್ಕೆ ನುಣುಪಾಗಿ ಹೊಳೆಯುವ ಪಟ್ಟಿ, ಅಂಚಿನಲ್ಲಿ ಕಪ್ಪು ಪುಡಿ ಇದ್ದರೆ ಟೈರ್ ಮೇಲಕ್ಕೆ ಉಜ್ಜುತ್ತಿದೆ ಎಂದರ್ಥ. ಸ್ಪ್ರಿಂಗ್ ಕುಗ್ಗಿರಬಹುದು, ಸ್ಪ್ರಿಂಗನ್ನು ಹಿಡಿದಿಡುವ ಕೊಂಡಿಯಾದ ಶ್ಯಾಕಲ್‌ನ ನೈಲಾನ್ ಬುಶ್ (ಬೋಲ್ಟಿನ ಸುತ್ತಲಿನ ಕೊಳವೆ) ಸವೆದಿರಬಹುದು, ಭಾರ ಹೆಚ್ಚಾಗಿರಬಹುದು. ಬುಶ್ ಬದಲಿಸುವವರು ಕಂಚಿನದೇ ಹಾಕಿ, ಗ್ರೀಸ್ ಹೊಡೆಯುವ ವೆಟ್ ಬೋಲ್ಟ್ ಸಮೇತ.

ದೊಡ್ಡ ಟೈರ್ ಹಾಕಿದರೆ ಒಳ್ಳೆಯದು ಎನ್ನುವವರಿಗೂ ಒಂದು ಮಾತು. ST205/75R15 ಅಳತೆಯ ಟೈರ್ ತೆಗೆದು ST225/75R15 ಹಾಕಿದರೆ ವ್ಯಾಸ ಒಂದು ಇಂಚಿಗಿಂತ ಹೆಚ್ಚಾಗುತ್ತದೆ. ಟೈರಿಗೂ ಗೂಡಿಗೂ ನಡುವಿನ ಮೇಲಿನ ಸಂದಿ ಅರ್ಧ ಇಂಚಿಗೂ ಮೀರಿ ಕಡಿಮೆಯಾಗುತ್ತದೆ, ಎರಡು ಟೈರ್‌ಗಳ ನಡುವಿನ ಸಂದಿಯೂ ಕಿರಿದಾಗುತ್ತದೆ. ಅಳೆಯದೆ ಕೊಳ್ಳಬೇಡಿ.

ಟೈರಿನ ಗೋಡೆಯ ಮೇಲೆ ಡಿಒಟಿ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದರೆ 2019ರ 23ನೆಯ ವಾರ ತಯಾರಾದದ್ದು. ಟ್ರೆಡ್ ಎಷ್ಟೇ ಉಳಿದಿರಲಿ, ನಾನು ಐದು ವರ್ಷಕ್ಕೆ ಬದಲಿಸುತ್ತೇನೆ. ಈಗ ಹಾಕಿರುವುದು ಗುಡ್‌ಇಯರ್ ಎಂಡ್ಯೂರೆನ್ಸ್, ತೃಪ್ತಿಯಿದೆ. ಗಾಳಿ ಟೈರಿನ ಮೇಲೆ ಬರೆದಷ್ಟೂ ಇರಲಿ, ತಣ್ಣಗಿರುವಾಗ ನೋಡಿ. ಗಂಟೆಗೆ 75 ಮೈಲಿ ಓಡಿಸುವುದನ್ನು ಹೆಮ್ಮೆಯಿಂದ ಬರೆಯುವವರು ಇಲ್ಲಿದ್ದಾರೆ. ಹಿಂದೆ ಬರುವವರ ಗಾಜಿಗೆ ನಿಮ್ಮ ಟ್ರೆಡ್ ಬಡಿದರೆ ಏನಾಗುತ್ತದೆ ಎಂದು ಯೋಚಿಸಿ. ನಾನು 62 ದಾಟುವುದಿಲ್ಲ. ಗಾಳಿ ಕಡಿಮೆಯಾದರೆ ಕೂಗಿ ಹೇಳುವ ಟಿಪಿಎಂಎಸ್ ನನ್ನ ಬಳಿ ಅಂದು ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಚಕ್ರ ತೆಗೆಯುವಾಗ ಜ್ಯಾಕನ್ನು ಫ್ರೇಮಿಗೆ ಕೊಡಿ, ಆಕ್ಸಲ್ ಕೊಳವೆಗೆ ಕೊಟ್ಟರೆ ಅದು ಬಾಗಬಹುದು. ಸ್ಟ್ಯಾಂಡ್ ಇಲ್ಲದೆ ಕೆಳಗೆ ನುಸುಳಬೇಡಿ. ಮತ್ತೆ ಹಾಕಿದ ಮೇಲೆ ಟಾರ್ಕ್ ರೆಂಚ್‌ನಿಂದ ನಟ್ ಬಿಗಿ ಮಾಡಿ, 50 ಮೈಲಿ ಓಡಿಸಿ ಇನ್ನೊಮ್ಮೆ ನೋಡಿ.

ಈಗ ಮೊದಲು ಆ ಗೂಡಿನ ಮೇಲಿರುವ ಕಪಾಟನ್ನು ಖಾಲಿ ಮಾಡಿ, ತಳದ ಹಲಗೆ ಎತ್ತಿ ಒಂದು ಚಿತ್ರ ಹಾಕಿ. ಮರದ ಬಣ್ಣ ಕಂಡರೆ ಎಲ್ಲಿಯವರೆಗೆ ಕತ್ತರಿಸಬೇಕು ಎಂದು ಹೇಳುತ್ತೇನೆ.