ಎರಕದ ಘಟಕ: ಕಚ್ಚಾ ಸಾಮಗ್ರಿಯ ದರ ಏರಿದಾಗ ಪೆಟ್ಟು ಬೀಳುವುದು ಎಲ್ಲಿ?

ಪಂಪಿನ ಬಿಡಿಭಾಗಗಳಿಗಾಗಿ ಮೂವರು ಗೆಳೆಯರು ಸೇರಿ ಸಣ್ಣ ಫೌಂಡ್ರಿ ತೆರೆಯಲಿದ್ದೇವೆ, ಸಾಮಗ್ರಿಯ ದರ ಏರಿದರೆ ಅಥವಾ ಸರಬರಾಜು ನಿಂತರೆ ಯಾವುದಕ್ಕೆ ಹೆಚ್ಚು ಹೆದರಬೇಕು ಎಂದು ಕೇಳಿದ್ದೀರಿ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಹದಿನೆಂಟು ವರ್ಷಗಳಿಂದ ಎರಕ ಹೊಯ್ಯುತ್ತಿದ್ದೇನೆ. ನನ್ನ ಅನುಭವದಲ್ಲಿ, ದರ ಏರಿದ ದಿನಕ್ಕೂ ಗಿರಾಕಿ ಹೊಸ ದರ ಒಪ್ಪುವ ದಿನಕ್ಕೂ ನಡುವೆ ಉಳಿಯುವ ತಿಂಗಳುಗಳೇ ನಮ್ಮಂಥವರನ್ನು ಮುಳುಗಿಸುತ್ತವೆ.

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು. ಪಿಗ್ ಐರನ್ ಅಂದರೆ ನಾವು ಕರಗಿಸಿ ಎರಕ ಹೊಯ್ಯುವ ಕಚ್ಚಾ ಕಬ್ಬಿಣ; ಅದನ್ನು ಜಗತ್ತಿಗೆ ಮಾರುವವರಲ್ಲಿ ಎರಡೂ ದೊಡ್ಡ ದೇಶಗಳು. ಅಲ್ಲಿಂದ ಮಾಲು ಬರುವುದು ಕಡಿಮೆಯಾದಾಗ ಹೊರದೇಶದವರು ಭಾರತದ ಪಿಗ್ ಐರನ್‌ಗೆ ಮುಗಿಬಿದ್ದರು. ವರ್ತಕರು ಬೆಳಿಗ್ಗೆ ಹೇಳಿದ ದರಕ್ಕೆ ಸಂಜೆ ಲೋಡ್ ಕಳಿಸಲು ಒಪ್ಪುತ್ತಿರಲಿಲ್ಲ. ನನ್ನ ದೊಡ್ಡ ಗಿರಾಕಿಯ ಆರ್ಡರ್‌ನಲ್ಲೋ ಇಡೀ ವರ್ಷಕ್ಕೆ ಒಂದೇ ದರ. ಪತ್ರ ಬರೆದೆ, ಖರೀದಿ ವಿಭಾಗದ ಬಾಗಿಲು ಕಾದೆ. ಪರಿಷ್ಕರಣೆಗೆ ಮೂರು ತಿಂಗಳು ಹಿಡಿಯಿತು. ತಿಂಗಳಿಗೆ 20 ಟನ್ ಎರಕ, ಕಿಲೋಗೆ 10 ರೂಪಾಯಿ ಕೊರತೆ ಎಂದು ಲೆಕ್ಕ ಹಾಕಿ ನೋಡಿ: ತಿಂಗಳಿಗೆ 2 ಲಕ್ಷ, ಮೂರು ತಿಂಗಳಿಗೆ 6 ಲಕ್ಷ. ಆರ್ಡರ್ ಕೈತುಂಬ ಇತ್ತು. ಹೆಚ್ಚು ಕರಗಿಸಿದಷ್ಟೂ ಹೆಚ್ಚು ಕಳೆದುಕೊಂಡೆ. ಕೂಲಿ ಕೊಡಲು ಪತ್ತಿನ ಸಹಕಾರಿ ಸಂಘದಲ್ಲಿ ಸಾಲ ಎತ್ತಿದೆ.

ಅಷ್ಟರಲ್ಲಿ ಇನ್ನೊಂದು ತಪ್ಪು ಮಾಡಿದೆ. ದರ ಇನ್ನೂ ಏರುತ್ತದೆ ಎಂದು ಹೆದರಿ ಎರಡು ತಿಂಗಳ ದಾಸ್ತಾನು ಕೊಂಡೆ. ಮೇ 22ರಿಂದ ಕೇಂದ್ರ ಸರ್ಕಾರ ಪಿಗ್ ಐರನ್ ರಫ್ತಿನ ಮೇಲೆ ಶೇ 15ರಷ್ಟು ಸುಂಕ ಹಾಕಿತು, ಅದನ್ನು ತಯಾರಿಸಲು ಬೇಕಾದ ಕೋಕ್ ಎಂಬ ಕಲ್ಲಿದ್ದಲಿನ ಇಂಧನದ ಆಮದು ಸುಂಕ ತೆಗೆಯಿತು. ದರ ಇಳಿಯತೊಡಗಿತು. ಗಿರಾಕಿಯಿಂದ ದರ ಇಳಿಸಿ ಎಂಬ ಪತ್ರ ಅದೇ ವಾರ ಬಂತು; ನನ್ನ ಅಂಗಳದಲ್ಲಿ ದುಬಾರಿ ಮಾಲು ರಾಶಿ ಬಿದ್ದಿತ್ತು. ನವೆಂಬರ್‌ನಲ್ಲಿ ಆ ರಫ್ತು ಸುಂಕವೂ ರದ್ದಾಯಿತು. ಆದ್ದರಿಂದ ದರ ಊಹಿಸಿ ದಾಸ್ತಾನು ಮಾಡಬೇಡಿ. ಎಷ್ಟು ಆರ್ಡರ್ ಕೈಯಲ್ಲಿದೆಯೋ ಅಷ್ಟಕ್ಕೆ ಕೊಳ್ಳಿ.

ಮೊದಲ ಆರ್ಡರ್‌ನಲ್ಲೇ ದರ ವ್ಯತ್ಯಾಸದ ಷರತ್ತು ಬರೆಸಿಕೊಳ್ಳಿ. ಯಾವ ತಾರೀಖಿನ, ಯಾವ ಸರಬರಾಜುದಾರರ ಪಿಗ್ ಐರನ್ ದರ ಮೂಲ ದರ, ಎಷ್ಟು ದಿನಕ್ಕೊಮ್ಮೆ ಪರಿಶೀಲನೆ, ಹೊಸ ದರ ಯಾವ ದಿನದಿಂದ ಜಾರಿ ಎಂಬುದೆಲ್ಲ ಅದರಲ್ಲಿರಲಿ. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ನನ್ನ ಹಣ ಹೋದದ್ದು ಅಲ್ಲೇ. ಇಳಿಕೆಗೂ ಅದೇ ನಿಯಮ ಎಂದು ನೀವೇ ಮೊದಲು ಹೇಳಿದರೆ ಗಿರಾಕಿ ಬೇಗ ಒಪ್ಪುತ್ತಾರೆ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿಯನ್ನೂ ಮಾಡಿಸಿ. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯಂತೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಹಣ ಕೊಡಬೇಕು.

ಇನ್ನು ಸರಬರಾಜು. 2021ರ ಏಪ್ರಿಲ್‌ನಲ್ಲಿ, ಕೋವಿಡ್‌ನ ಎರಡನೇ ಅಲೆಯಲ್ಲಿ, ಕೈಗಾರಿಕೆಗಳ ಆಮ್ಲಜನಕವನ್ನು ಆಸ್ಪತ್ರೆಗಳಿಗೆ ತಿರುಗಿಸಿದರು. ಅದು ಆಗಲೇಬೇಕಿತ್ತು. ಆದರೆ ಉಕ್ಕಿನ ಗುಜರಿಯನ್ನು ಕುಲುಮೆಯ ಬಾಯಿಗೆ ಹಿಡಿಯುವಂತೆ ಕತ್ತರಿಸಲು ನಮಗೆ ಬೇಕಾದದ್ದೂ ಅದೇ ಸಿಲಿಂಡರ್. ಕುಲುಮೆ, ವಿದ್ಯುತ್, ಗುಜರಿ ಎಲ್ಲ ಇದ್ದವು. ಮಾರುದ್ದದ ಪಟ್ಟಿಗಳು ಅಂಗಳದಲ್ಲಿ ಹಾಗೇ ಬಿದ್ದಿದ್ದವು. ಆ ಪಟ್ಟಿಗಳನ್ನು ನೋಡುತ್ತ ನಿಂತಾಗಲೇ, ಬಿಲ್ಲಿನಲ್ಲಿ ಚಿಕ್ಕದಾಗಿ ಕಾಣುವ ಸಾಮಗ್ರಿಯೂ ಕೆಲಸ ನಿಲ್ಲಿಸಬಲ್ಲದು ಎಂದು ನನಗೆ ತಿಳಿದದ್ದು. ಅಚ್ಚು ಹಾಕುವ ಮೇಸ್ತ್ರಿಯೊಂದಿಗೆ ಒಂದು ಮಧ್ಯಾಹ್ನ ಕುಳಿತು ಕರಗಿದ ಕಬ್ಬಿಣಕ್ಕೆ ಬೆರೆಸುವ ಫೆರೋಸಿಲಿಕಾನ್, ಅಚ್ಚಿನ ಮರಳನ್ನು ಹಿಡಿದಿಡುವ ಬೆಂಟೋನೈಟ್ ಜೇಡಿ, ರೆಸಿನ್ ಅಂಟು ಎಲ್ಲವನ್ನೂ ಬರೆಯಿರಿ. ಒಂದೊಂದೂ ಎಷ್ಟು ದಿನ ಬರುತ್ತದೆ, ಎರಡನೆಯ ಸರಬರಾಜುದಾರರು ಯಾರು ಎಂದು ಅದರ ಎದುರಿಗೆ ಹಾಕಿ.

ಮೊದಲ ಗಿರಾಕಿಯೊಂದಿಗೆ ಮಾತುಕತೆ ಶುರುವಾಗಿದ್ದರೆ ದರದ ಷರತ್ತಿನ ಕರಡನ್ನು ಇಲ್ಲಿ ಹಾಕಿ, ಓದಿ ಹೇಳುತ್ತೇನೆ.