ಮೊದಲು ಜಿಪಿ, ಆಮೇಲೆ ‘ಕ್ಯೂರ್’

ಯಜಮಾನರಿಗೆ ಸರ್ಪಸುತ್ತು ಎದ್ದಿದೆ, ಪಕ್ಕದ ಮನೆ ಅಜ್ಜಿ ‘ಕ್ಯೂರ್’, ಅಂದರೆ ಕಾಯಿಲೆ ವಾಸಿ ಮಾಡೋ ಶಕ್ತಿ, ಇರೋ ರೈತರೊಬ್ಬರ ಹತ್ತಿರ ಹೋಗಿ ಅಂತಾರೆ, ಐರ್ಲೆಂಡಲ್ಲೂ ಇದೆಲ್ಲ ನಡೆಯುತ್ತಾ ಅಕ್ಕಾ ಅಂತ ಕೇಳಿದ್ದೀಯ. ನಡೆಯುತ್ತೆ ಕಣಮ್ಮ, ನೀನಿರೋ ಕ್ಯಾವನ್ ಕಡೆಯಂತೂ ಜೋರಾಗೇ. ಆದರೆ ಮೊದಲು ಜಿಪಿಗೆ, ಅಂದರೆ ನಿಮ್ಮ ಮಾಮೂಲಿ ಡಾಕ್ಟರಿಗೆ, ಫೋನ್ ಮಾಡು. ಗುಳ್ಳೆ ಎದ್ದ 72 ಗಂಟೆಯೊಳಗೆ ಆಂಟಿವೈರಲ್ ಮಾತ್ರೆ ಶುರುವಾದರೆ ಒಳ್ಳೇದು. ಕಣ್ಣಿನ ಹತ್ತಿರ ಬಂದಿದ್ದರೆ ಇವತ್ತೇ ತೋರಿಸು.

ಇನ್ನು ಅಜ್ಜಿಯ ಮಾತು. ಇಲ್ಲಿನ ಹಳ್ಳಿಗಳಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಕ್ಯೂರ್: ಕೆಲವರದು ಹುಳುಕಡ್ಡಿಗೆ, ಕೆಲವರದು ಸುಟ್ಟಗಾಯಕ್ಕೆ, ಕೆಲವರದು ಸರ್ಪಸುತ್ತಿಗೆ. ಏಳನೇ ಮಗನ ಏಳನೇ ಮಗನಾಗಿ ಹುಟ್ಟಿದವನಿಗಂತೂ ವಿಶೇಷ ಶಕ್ತಿ ಅಂತ ನಂಬಿಕೆ. ನಾನು ಕೆಲಸ ಮಾಡೋ ನರ್ಸಿಂಗ್ ಹೋಮಿನ ಅಜ್ಜ ಒಬ್ಬರು, ನ್ಯೂಟ್ ಅನ್ನೋ ಹಲ್ಲಿಯಂಥ ಪ್ರಾಣಿಯನ್ನ ನೆಕ್ಕಿದವರ ನಾಲಿಗೆಗೆ ಸುಟ್ಟಗಾಯ ಮಾಯಿಸೋ ಶಕ್ತಿ ಬರುತ್ತೆ ಅಂತ ಗಂಭೀರವಾಗೇ ಹೇಳಿದರು. ನೀವು ನೆಕ್ಕಿದ್ದೀರಾ ಅಂದೆ. ತುಟಿ ಒರೆಸಿಕೊಂಡು ಟೀ ಕೇಳಿದರು.

ನಮ್ಮಲ್ಲಿ ಸರ್ಪದ ತಲೆ ಬಾಲ ಕೂಡಿದರೆ ಜೀವಕ್ಕೇ ಅಪಾಯ ಅಂತ ಕೆಮ್ಮಣ್ಣು ಹಚ್ಚಿಸ್ತಾರಲ್ಲ, ಇಲ್ಲೂ ಗುಳ್ಳೆ ಸೊಂಟ ಸುತ್ತಿ ಕೂಡಿದರೆ ಸಾವು ಅಂತ ಹೆದರೋರಿದ್ದಾರೆ. ಕಾಡಲ್ಲಿ ಹಾವೇ ಇಲ್ಲದ ದೇಶ ಇದು! ಎರಡೂ ಕಡೆಯದು ಬರೀ ಭಯ. ಸಾಮಾನ್ಯವಾಗಿ ಅದು ಮೈಯ ಒಂದೇ ಪಕ್ಕಕ್ಕೆ ನಿಲ್ಲುತ್ತೆ.

ಎಲ್ಲವನ್ನೂ ನಕ್ಕು ತಳ್ಳಿಹಾಕೋಕೂ ಆಗಲ್ಲ. ನಿಮ್ಮ ಪಕ್ಕದ ಫರ್ಮಾನಾ ಕೌಂಟಿಯ ಬೋಹೋ ಅನ್ನೋ ಊರಲ್ಲಿ, 1815ರಲ್ಲಿ ತೀರಿಕೊಂಡ ಪಾದ್ರಿಯೊಬ್ಬರ ಸಮಾಧಿಯ ಹತ್ತಿರದ ಮಣ್ಣನ್ನ ಬಟ್ಟೆಯಲ್ಲಿ ಕಟ್ಟಿ ದಿಂಬಿನ ಕೆಳಗಿಟ್ಟುಕೊಳ್ಳೋ ರೂಢಿ ಇದೆ. ವಾಸಿಯಾದ ಮೇಲೆ ಮಣ್ಣು ವಾಪಸ್ ತಂದು ಹಾಕಬೇಕು. ಆ ಊರಿನ ಮಣ್ಣಿನಲ್ಲಿ ಸಿಕ್ಕ ಹೊಸ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ, ಔಷಧಕ್ಕೆ ಜಗ್ಗದ ಎಂಆರ್‌ಎಸ್‌ಎ ಅನ್ನೋ ರೋಗಾಣುವನ್ನೂ ಪ್ರಯೋಗಾಲಯದಲ್ಲಿ ತಡೆದಿದ್ದನ್ನ 2018ರಲ್ಲಿ ಸ್ವಾನ್ಸಿ ವಿಶ್ವವಿದ್ಯಾಲಯದವರು ಪ್ರಕಟಿಸಿದರು. ಆದರೆ ಸರ್ಪಸುತ್ತು ವೈರಸ್ಸಿಂದ ಬರೋದು, ಆ ಮಣ್ಣು ತಂದಿಟ್ಟುಕೊಂಡು ಮಾತ್ರೆ ಬಿಡಬೇಡಿ.

ಹೋಗೋ ಹಾಗಿದ್ದರೆ ರೈತರ ಕೈಗೆ ದುಡ್ಡು ಕೊಡಬೇಡ. ಕೆಲವರು ಥ್ಯಾಂಕ್ಸ್ ಕೂಡ ಹೇಳಿಸಿಕೊಳ್ಳಲ್ಲ, ಹೇಳಿದರೆ ಫಲಿಸಲ್ಲ ಅಂತಾರೆ. ಬರೀ ಪ್ರಾರ್ಥನೆ ಮಾಡಿ ಕಳಿಸಿದರೆ ನಷ್ಟವೇನಿಲ್ಲ, ಅಜ್ಜಿಗೂ ಖುಷಿ. ಏನಾದರೂ ಹಚ್ಚೋಕೆ ಬಂದರೆ ಮಾತ್ರ ನಯವಾಗಿ ಬೇಡ ಅನ್ನು, ಒಡೆದ ಗುಳ್ಳೆಗೆ ಸೋಂಕು ತಗಲುತ್ತೆ. ಒಣಗೋವರೆಗೆ ಬಸುರಿಯರು, ಎಳೆಕೂಸುಗಳ ಹತ್ತಿರ ಯಜಮಾನರನ್ನ ಬಿಡಬೇಡ.